ಕರೆಂಟ್ ಇದ್ದೂ ಇನ್ವರ್ಟರ್ ಕೂಗುವುದೇಕೆ? ಮನೆ ಯಂತ್ರಗಳ ಬಟನ್, ದೀಪ, ಕೋಡ್‌ಗಳಲ್ಲಿ ಏನು ತಪ್ಪಿದೆ

ಜುಲೈ ತಿಂಗಳ ಸಂಜೆ. ಅಂಗಳದ ಹಳೆಯ ಬುರುಡೆ ಬಲ್ಬು ಬೀಡಿಯ ಕಿಡಿಯಂತೆ ಕೆಂಪಗೆ ಉರಿಯುತ್ತಿದೆ. ಅಂದರೆ ಕರೆಂಟ್ ಇದೆ, ವೋಲ್ಟೇಜ್ ಇಲ್ಲ. ಒಳಗೆ ಇನ್ವರ್ಟರ್ ಬೀಪ್ ಬೀಪ್ ಎಂದು ಕೂಗಲು ಶುರುಮಾಡುತ್ತದೆ, ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಕತ್ತಲು. ಮರುದಿನ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಫೋನ್ ಹೋಗುತ್ತದೆ: ‘ಬ್ಯಾಟರಿ ಹೋಗಿರಬೇಕು, ಒಂದ್ಸಲ ಬಂದು ನೋಡಿ.’ ಮಳೆಗಾಲದ ಕೊಡಗಿನಲ್ಲಿ ಇದು ದಿನನಿತ್ಯದ ಮಾತು. ಎಷ್ಟೋ ಸಲ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಇನ್ವರ್ಟರಿನ ಹಿಂಬದಿಯಲ್ಲಿ, ಗೋಡೆಗೆ ಮುಖಮಾಡಿದ ಜಾಗದಲ್ಲಿ, ಉಗುರಿನಷ್ಟು ಸಣ್ಣ ಒಂದು ಸ್ವಿಚ್ ತಪ್ಪು ಕಡೆಗೆ ಇರುತ್ತದೆ, ಅಷ್ಟೆ.

ಆ ಸ್ವಿಚ್ಚಿಗೆ ಎರಡು ಸ್ಥಾನ. ಒಂದರ ಪಕ್ಕ ‘ಯುಪಿಎಸ್’, ಇನ್ನೊಂದರ ಪಕ್ಕ ‘ಎಕೊ’ ಅಥವಾ ‘ನಾರ್ಮಲ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180ರಿಂದ 260 ವೋಲ್ಟ್ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಕಂಪ್ಯೂಟರ್ ಆರಿಹೋಗದಂತೆ ಕ್ಷಣದಲ್ಲಿ ಬ್ಯಾಟರಿಗೆ ಬದಲಾಗಲಿ ಎಂದು ಮಾಡಿದ ಏರ್ಪಾಡು ಅದು. ಎಕೊ ಸ್ಥಾನದಲ್ಲಿ ಸುಮಾರು 100ರಿಂದ 290 ವೋಲ್ಟ್‌ವರೆಗೂ ಒಪ್ಪುತ್ತದೆ. ಲೈನಿನಲ್ಲಿ 160 ವೋಲ್ಟ್ ಬರುತ್ತಿದ್ದರೆ, ಯುಪಿಎಸ್ ಸ್ಥಾನದಲ್ಲಿರುವ ಇನ್ವರ್ಟರ್ ಪಾಲಿಗೆ ಕರೆಂಟೇ ಇಲ್ಲ. ಅದು ಬ್ಯಾಟರಿಯಿಂದ ಮನೆ ನಡೆಸುತ್ತದೆ, ಬ್ಯಾಟರಿಗೆ ವಾಪಸ್ ಚಾರ್ಜ್ ಹೋಗುವುದಿಲ್ಲ. ಡಿಮ್ ಕರೆಂಟ್ ಮೂರು ದಿನ ಹಾಗೇ ಮುಂದುವರಿದರೆ ಬ್ಯಾಟರಿ ಪೂರ್ತಿ ಇಳಿದು ನಿಲ್ಲುತ್ತದೆ. ಆಸಿಡ್ ಬ್ಯಾಟರಿ ಖಾಲಿಯಾಗಿ ದಿನಗಟ್ಟಲೆ ಕೂತರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕಟ್ಟುತ್ತದೆ. ಆಗ ಬ್ಯಾಟರಿ ನಿಜವಾಗಿಯೂ ಹಾಳು.

ಸರಿಮಾಡುವುದು ಎರಡು ನಿಮಿಷದ ಕೆಲಸ. ಮಲ್ಟಿಮೀಟರ್ ಇದ್ದರೆ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ. ಇಲ್ಲದಿದ್ದರೆ ಸ್ಟೆಬಿಲೈಜರಿನ ಮೀಟರಿನಲ್ಲಿ ಒಳಬರುವ (ಇನ್‌ಪುಟ್) ವೋಲ್ಟೇಜ್ ನೋಡಿದರೆ ಸಾಕು. 180ಕ್ಕಿಂತ ಕೆಳಗಿದ್ದರೆ ಇನ್ವರ್ಟರನ್ನು ಎಕೊಗೆ ಹಾಕಿ. ನಿಧಾನವಾಗಿಯಾದರೂ ಚಾರ್ಜ್ ಆಗುತ್ತದೆ. ಒಂದು ಎಚ್ಚರ: ಎಕೊ ಸ್ಥಾನದಲ್ಲಿ ಲೈನಿನ ಡಿಮ್ ಕರೆಂಟೇ ನೇರವಾಗಿ ಮನೆಯೊಳಗೆ ಹೋಗುತ್ತದೆ. ಬಲ್ಬು, ಫ್ಯಾನು, ಮೊಬೈಲ್ ಚಾರ್ಜರಿಗೆ ತೊಂದರೆಯಿಲ್ಲ. ಇನ್ವರ್ಟರ್ ಲೈನಿನಲ್ಲಿ ಫ್ರಿಜ್ ಇದ್ದರೆ ಅದಕ್ಕೆ ಬೇರೆ ಸ್ಟೆಬಿಲೈಜರ್ ಇರಲೇಬೇಕು. ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಕರೆಂಟ್ ಹೋದಾಗ ಒಮ್ಮೆ ಆರಿ ಹತ್ತಬಹುದು.

ಇಷ್ಟನ್ನು ಇನ್ವರ್ಟರೇ ಹೇಳಬಹುದಿತ್ತು. ಲೈನಿನ ವೋಲ್ಟೇಜ್ ಎಷ್ಟೆಂದು ಅದಕ್ಕೆ ಗೊತ್ತು. ಅದನ್ನು ಅಳೆದೇ ತಾನೇ ಬ್ಯಾಟರಿಗೆ ಬದಲಾಗುವುದು! ಆದರೆ ಎಷ್ಟೋ ಮಾಡೆಲ್‌ಗಳ ಮುಂಭಾಗದಲ್ಲಿ ‘ಮೇನ್ಸ್’ ದೀಪ ಆರುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಕರೆಂಟ್ ಹೋದರೂ ಅದೇ ಗುರುತು, ಡಿಮ್ ಆದರೂ ಅದೇ ಗುರುತು. ಮೊದಲನೆಯದಕ್ಕೆ ಮನೆಯವರು ಕಾಯುವುದಷ್ಟೇ ಸಾಧ್ಯ, ಎರಡನೆಯದಕ್ಕೆ ಒಂದು ಸ್ವಿಚ್ ಸರಿಸಬೇಕು. ಮಾಡಬೇಕಾದ ಕೆಲಸ ಬೇರೆಯಾಗಿರುವಾಗ ಗುರುತು ಒಂದೇ ಆದರೆ ಅದು ವಿನ್ಯಾಸದ ತಪ್ಪು. ಬಳಸುವವರನ್ನು ಅದಕ್ಕೆ ದೂರಬಾರದು.

ಯಂತ್ರದ ಬಟನ್, ನಾಬ್, ದೀಪ, ಪರದೆ ಇವೆಲ್ಲ ಸೇರಿದ ಮುಖಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ಅದಕ್ಕೆ ಎರಡು ಕೆಲಸ. ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಒಂದು, ತಾನೀಗ ಯಾವ ಸ್ಥಿತಿಯಲ್ಲಿದ್ದೇನೆ ಎಂದು ನಮಗೆ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಕಂಪನಿಗಳು ಹದಿನಾಲ್ಕು ಬಟನ್ ಇಡುತ್ತವೆ, ಎರಡನೆಯದಕ್ಕೆ ಒಂದು ಮಿನುಗುವ ದೀಪ. ಕೊಡಗಿನಂಥ ಕಡೆ ಈ ಎರಡನೆಯ ಕೆಲಸವೇ ಹೆಚ್ಚು ಮುಖ್ಯ. ಮಳೆಗಾಲದಲ್ಲಿ ಮರದ ಕೊಂಬೆ ಲೈನಿನ ಮೇಲೆ ಬೀಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪು ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದು, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ. ಮನೆಗೆಲಸಕ್ಕೆ ಲೈನ್‌ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬರುವವರ ಮಾತು ಎರವ, ತುಳು, ಮಲಯಾಳಂ, ಈಚೆಗೆ ಅಸ್ಸಾಮಿ. ಸರ್ವಿಸ್ ಹುಡುಗ ಬರುವುದು ಕುಶಾಲನಗರದಿಂದಲೋ ಮೈಸೂರಿನಿಂದಲೋ. ಯಂತ್ರ ಸ್ಪಷ್ಟವಾಗಿ ಹೇಳದ ಒಂದು ಮಾತಿಗೆ ಇಲ್ಲಿ ಒಂದು ವಾರದ ಕಾಯುವಿಕೆ, ಒಂದು ವಿಸಿಟ್ ಚಾರ್ಜು.

ವಾಷಿಂಗ್ ಮೆಷಿನ್ ನೋಡಿ. ಡ್ರಮ್ಮಿಗೆ ನೀರು ಬರುತ್ತಿಲ್ಲ ಎಂಬ ಒಂದೇ ದೂರಿಗೆ ಒಂದು ಕಂಪನಿಯ ಪರದೆಯಲ್ಲಿ ‘ಐಇ’ ಬರುತ್ತದೆ, ಇನ್ನೊಂದರಲ್ಲಿ ‘4ಇ’. ಈ ಪರದೆಗಳು ಏಳು ಗೀಟಿನ ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ‘ಎಸ್’ ಮತ್ತು 5 ಒಂದೇ ಆಕಾರ, ‘ಓ’ ಮತ್ತು ಸೊನ್ನೆ ಒಂದೇ ಆಕಾರ. ಫೋನಿನಲ್ಲಿ ಓದಿ ಹೇಳಿದರೆ ಆಚೆಯವರಿಗೆ ತಪ್ಪಾಗಿ ಕೇಳುವುದು ಸಹಜ. ಆದ್ದರಿಂದ ಕೋಡ್ ಬಂದಾಗ ಓದಿ ಹೇಳುವ ಬದಲು ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿ.

ನೀರಿನ ಕೋಡ್ ಕೊಡಗಿನಲ್ಲಿ ಪದೇಪದೇ ಬರಲು ಕಾರಣವಿದೆ. ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ನುಗಳ ಕೈಪಿಡಿಗಳು ಸಾಮಾನ್ಯವಾಗಿ ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಅಂದರೆ ಟ್ಯಾಂಕಿನ ನೀರು ಮೆಷಿನ್ನಿನ ನಲ್ಲಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಒಂದೇ ಅಂತಸ್ತಿನ ಹೆಂಚಿನ ಮನೆಯ ಪಕ್ಕ ಸ್ಟ್ಯಾಂಡ್ ಹಾಕಿ ಇಟ್ಟ ಟ್ಯಾಂಕ್ ಎರಡು ಮೀಟರ್ ಮೇಲಿದ್ದರೆ ಹೆಚ್ಚು. ಮೆಷಿನ್ ಕೆಲವು ನಿಮಿಷ ಕಾದು, ನೀರು ಸಾಲದೆ ಕೋಡ್ ತೋರಿಸಿ ನಿಲ್ಲುತ್ತದೆ. ಏರುಜಾಗದ ಮನೆಗಳಿಗೆ ಒಂದು ಅನುಕೂಲವಿದೆ: ಹಿಂದಿನ ದಿಬ್ಬದ ಮೇಲೆ ಟ್ಯಾಂಕ್ ಇಟ್ಟರೆ ಪಂಪಿಲ್ಲದೆ ಒತ್ತಡ ಸಿಗುತ್ತದೆ. ಇನ್ನೊಂದು ಕಾರಣ ಕೆಸರು. ತೋಡಿನ ನೀರೋ ಬಾವಿಯ ನೀರೋ ಮಳೆಗಾಲದಲ್ಲಿ ಸಣ್ಣ ಮರಳು ತರುತ್ತದೆ. ಪೈಪು ಮೆಷಿನ್ನಿಗೆ ಸೇರುವ ಕಡೆ ಬೆರಳ ತುದಿಯಷ್ಟು ದೊಡ್ಡ ಒಂದು ಜಾಲರಿ ಇದೆ. ನಲ್ಲಿ ಮುಚ್ಚಿ, ಪೈಪಿನ ನಟ್ಟು ಕೈಯಲ್ಲೇ ಬಿಚ್ಚಿ, ಇಕ್ಕಳದಲ್ಲಿ ಜಾಲರಿ ಎಳೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಹಾಕಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿದರೆ ಸಾಕು. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ ಆದರೆ ತುರ್ತಿಗೆ ಬಕೆಟ್ಟಿನಿಂದ ನೀರು ಸುರಿಯಬಹುದು. ನೀರು ಎಲ್ಲಿಂದ ಬಂತೆಂದು ಅದು ನೋಡುವುದಿಲ್ಲ, ಮಟ್ಟ ಮಾತ್ರ ನೋಡುತ್ತದೆ. ‘ನೀರಿನ ಒತ್ತಡ ಸಾಲದು, ಜಾಲರಿ ನೋಡಿ’ ಎಂದು ಮುಚ್ಚಳದ ಮೇಲೆ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದ್ದರೆ ಇಷ್ಟೆಲ್ಲ ಇಲ್ಲಿ ಬರೆಯಬೇಕಿರಲಿಲ್ಲ.

ಇನ್ನು ಟಚ್ ಪ್ಯಾನೆಲ್. ಬೆರಳು ತಾಗಿದಾಗ ಗಾಜಿನಡಿಯ ವಿದ್ಯುತ್ ಧಾರಕತೆ, ಅಂದರೆ ವಿದ್ಯುತ್ ಹಿಡಿದಿಡುವ ಗುಣ, ಚೂರು ಬದಲಾಗುತ್ತದೆ, ಅದನ್ನು ಯಂತ್ರ ಗುರುತಿಸುತ್ತದೆ. ನೀರಿನ ಹನಿಯೂ ಅದೇ ಬದಲಾವಣೆ ಮಾಡುತ್ತದೆ. ಹಾಗಾಗಿ ಒದ್ದೆ ಕೈಯ ಒತ್ತು ಕೆಲವೊಮ್ಮೆ ಕೇಳುವುದಿಲ್ಲ, ಕೆಲವೊಮ್ಮೆ ಪಕ್ಕದ ಬಟನ್ನಿಗೆ ಹೋಗುತ್ತದೆ. ಮೂರು ತಿಂಗಳು ಗೋಡೆಯೇ ಬೆವರುವ ಊರಿನ ಅಡುಗೆಮನೆಗೆ, ಬಟ್ಟೆ ಒಗೆಯುವ ಜಾಗಕ್ಕೆ ಇಂಥ ಪ್ಯಾನೆಲ್ ಹೊಂದುವುದಿಲ್ಲ. ಬಟ್ಟೆಯಲ್ಲಿ ಪ್ಯಾನೆಲ್ ಒರೆಸುವಾಗಲೇ ಚೈಲ್ಡ್ ಲಾಕ್ ಬಿದ್ದು, ‘ಸಿಎಲ್’ ಎಂದು ತೋರಿಸಿ, ಯಾವ ಬಟನ್ ಒತ್ತಿದರೂ ಮೆಷಿನ್ ಸುಮ್ಮನಿರುವುದುಂಟು. ಪುಟ್ಟ ಬೀಗದ ಚಿತ್ರ ಇರುವ ಬಟನ್ ಹುಡುಕಿ, ಮೂರರಿಂದ ಐದು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಕೆಲವದರಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಇಂಡಕ್ಷನ್ ಒಲೆಗೂ ಇದೇ ತೊಂದರೆ. ಅಲ್ಲಿ ಉಕ್ಕಿದ ಹಾಲು ಪ್ಯಾನೆಲ್ಲಿಗೇ ಹರಿಯುತ್ತದೆ, ಆರಿಸಬೇಕಾದ ಹೊತ್ತಿಗೇ ಬಟನ್ ಕೇಳುವುದಿಲ್ಲ. ಆಗ ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಪಾಯಿಂಟ್ ಕೈಗೆ ಸಿಗುವಂತೆ, ಒಲೆಯ ಹಿಂದಲ್ಲದೆ ಪಕ್ಕದಲ್ಲಿ ಇರಬೇಕು.

ಹೋಲಿಸಿದರೆ ಹಳೆಯ ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ನಾಬ್‌ಗಳು ಎಷ್ಟೋ ಮೇಲು. ಒಗೆಯಲು 15 ನಿಮಿಷದ್ದು, ಹಿಂಡಲು ಐದು ನಿಮಿಷದ್ದು. ಸ್ಪ್ರಿಂಗಿನ ಟೈಮರ್ ಆದ್ದರಿಂದ ಕರೆಂಟ್ ಹೋದರೂ ನಾಬ್ ಓಡುತ್ತಲೇ ಇರುತ್ತದೆ, ಅದೊಂದು ಕೊರತೆ. ಆದರೆ ಕರೆಂಟ್ ಬಂದಾಗ ನೋಡಿ ಮತ್ತೆ ತಿರುಗಿಸಿದರೆ ಮುಗಿಯಿತು. ಎಷ್ಟು ಉಳಿದಿದೆ ಎಂಬುದು ನಾಬಿನ ಮೂತಿ ಯಾವ ಕಡೆ ಇದೆ ಎಂಬುದರಲ್ಲೇ ಕಾಣುತ್ತದೆ, ಕತ್ತಲಲ್ಲಿ ಕೈಗೂ ತಿಳಿಯುತ್ತದೆ. ಏಪ್ರಿಲ್‌ನ ಸಿಡಿಲಿಗೆ ಸುಡಲು ಅದರಲ್ಲಿ ಎಲೆಕ್ಟ್ರಾನಿಕ್ ಬೋರ್ಡೂ ಇಲ್ಲ. ಫುಲ್ ಆಟೊಮ್ಯಾಟಿಕ್‌ನಲ್ಲಿ ಮೋಟಾರು, ಡ್ರಮ್ಮು ಎಲ್ಲ ಗಟ್ಟಿಯಾಗಿದ್ದರೂ ಬೋರ್ಡ್ ಸುಟ್ಟರೆ ಇಡೀ ಮೆಷಿನ್ ಮೂಲೆಗೆ.

ಬಾತ್‌ರೂಮಿಗೆ ಬರೋಣ. 15 ಲೀಟರಿನ, 2 ಕಿಲೋವ್ಯಾಟ್‌ನ ಗೀಸರ್. ಡಿಸೆಂಬರ್ ಬೆಳಿಗ್ಗೆ ಟ್ಯಾಂಕಿನ ನೀರು 18 ಡಿಗ್ರಿ ಇದೆ, 55ಕ್ಕೆ ಏರಬೇಕು ಎಂದಿಟ್ಟುಕೊಳ್ಳಿ. 230 ವೋಲ್ಟ್ ಇದ್ದರೆ ಸುಮಾರು 20 ನಿಮಿಷ ಸಾಕು. 180 ವೋಲ್ಟ್‌ಗೆ ಇಳಿದರೆ ಕಾಯಿಲ್ ಕೊಡುವ ಶಾಖ 1.2 ಕಿಲೋವ್ಯಾಟ್ ಚಿಲ್ಲರೆ ಮಾತ್ರ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ಆಗ 32 ನಿಮಿಷ ಬೇಕು. ಮನೆಯವರು ‘ಗೀಸರ್ ಕೆಟ್ಟಿದೆ’ ಎಂದುಕೊಳ್ಳುವುದು ಈ 12 ನಿಮಿಷದಲ್ಲಿ. ಅದರ ಮೇಲಿನ ದೀಪಗಳೋ, ಇನ್ನಷ್ಟು ಗೊಂದಲ. ಒಂದು ಕಂಪನಿಯಲ್ಲಿ ಕೆಂಪು ಅಂದರೆ ಕಾಯುತ್ತಿದೆ, ಕಾದ ಮೇಲೆ ಆರುತ್ತದೆ. ಇನ್ನೊಂದರಲ್ಲಿ ಕೆಂಪು ಅಂದರೆ ಬರೀ ಕರೆಂಟ್ ಇದೆ ಎಂದಷ್ಟೇ, ಕಾಯುತ್ತಿರುವುದಕ್ಕೆ ಬೇರೆ ದೀಪ. ಒಂದೇ ಮನೆಯ ಎರಡು ಬಾತ್‌ರೂಮಿನಲ್ಲಿ ಎರಡು ಕಂಪನಿಯ ಗೀಸರ್ ಇದ್ದರೆ ಎರಡು ಭಾಷೆ ಕಲಿಯಬೇಕು. ಒಂದು ಪೂರ್ತಿ ಸುತ್ತು ನೋಡಿ, ಯಾವ ದೀಪ ಆರಿದಾಗ ನೀರು ಬಿಸಿಯಾಗಿತ್ತು ಎಂದು ತಿಳಿದುಕೊಂಡು, ಅದರ ಕೆಳಗೆ ‘ಆರಿದರೆ ಬಿಸಿ’ ಎಂದು ಒಂದು ಸ್ಟಿಕ್ಕರ್ ಅಂಟಿಸುವುದು ಉಪಾಯ.

ಗೀಸರಿನ ಕೆಳಗೆ ತಣ್ಣೀರಿನ ಪೈಪಿನಲ್ಲಿ ಒಂದು ವಾಲ್ವ್ ಇರುತ್ತದೆ, ಅದರ ಮೂತಿಯಿಂದ ನೀರು ತೊಟ್ಟಿಕ್ಕುತ್ತದೆ. ಅದು ಸೋರಿಕೆ ಎಂದು ಎಂಸೀಲ್ ಹಚ್ಚಿ ಮುಚ್ಚುವವರಿದ್ದಾರೆ. ಮುಚ್ಚಲೇಬಾರದು. ನೀರು ಕಾದು ಹಿಗ್ಗಿದಾಗ ಒತ್ತಡ ಹೊರಹೋಗುವ ದಾರಿ ಅದೊಂದೇ. ನೀರು ಕಾದ ಮೇಲೆ ಕಾಯಿಲ್ ಆರಿಸುವ ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಆ ದಾರಿ ಕಟ್ಟಿದ್ದರೆ ಟ್ಯಾಂಕ್ ಸಿಡಿಯಬಹುದು. ಇಷ್ಟು ಮುಖ್ಯವಾದ ಭಾಗದ ಮೇಲೆ ಒಂದು ಗುರುತೂ ಇಲ್ಲದಿರುವುದು ಅಕ್ಷಮ್ಯ.

ಗ್ಯಾಸ್ ಗೀಸರಿನ ವಿಷಯ ಇದಕ್ಕಿಂತ ಗಂಭೀರ. ಹಂಡೆ ಒಲೆ ಬಿಟ್ಟವರು, ಕರೆಂಟ್ ನಂಬಲಾಗದವರು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಅದರ ಮುಖದ ಮೇಲೆ ನೀರಿನ ಉಷ್ಣತೆ ಅಂಕಿಯಲ್ಲಿ ಕಾಣುತ್ತದೆ. ನೀರು ಎಷ್ಟು ಬಿಸಿ ಎಂಬುದು ಕೈಯಿಟ್ಟರೆ ಗೊತ್ತಾಗುವ ಸಂಗತಿ. ಕೈಗೂ ಮೂಗಿಗೂ ಗೊತ್ತಾಗದ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಆ ಪರದೆ ಏನನ್ನೂ ಹೇಳುವುದಿಲ್ಲ. ಚಳಿಗೆಂದು ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಬೆಂಕಿಗೆ ಗಾಳಿ ಸಾಲದಾದಾಗ ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ತುಂಬುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು ಬರುತ್ತದೆ, ಬಾಗಿಲ ಚಿಲಕ ತೆಗೆಯುವಷ್ಟು ತ್ರಾಣ ಉಳಿಯುವುದಿಲ್ಲ. ಹಲವು ಮಾಡೆಲ್‌ಗಳು 20 ನಿಮಿಷಕ್ಕೆ ತಾವಾಗಿಯೇ ಆರುತ್ತವೆ. ಅದು ಜೀವ ಉಳಿಸಲೆಂದು ಇಟ್ಟ ಏರ್ಪಾಡು. ಆದರೆ ಏಕೆ ಆರಿತೆಂದು ಯಂತ್ರ ಹೇಳದ ಕಾರಣ, ಕೆಟ್ಟಿತೆಂದುಕೊಂಡು ನಲ್ಲಿ ಮುಚ್ಚಿ ತೆರೆದು ಮತ್ತೆ ಹಚ್ಚುತ್ತಾರೆ. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಹೊರಗೆ ಗಾಳಿಯಾಡುವ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಈಗಾಗಲೇ ಒಳಗಿದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ ಮಾಡಿ. ಕಿಂಡಿಯಲ್ಲಿ ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿದ್ದರೆ ಬಳಸುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಫ್ರಿಜ್‌ನ ನಾಬ್ ಮೇಲೆ 1ರಿಂದ 7ರವರೆಗೆ ಅಂಕಿ ಇರುತ್ತದೆ. ಅದು ಡಿಗ್ರಿ ಅಲ್ಲ. 7 ಅಂದರೆ ಅತಿ ಹೆಚ್ಚು ತಂಪು. ಎರಡು ಬಾಗಿಲಿನ ಫ್ರಿಜ್‌ಗಳಲ್ಲಿ ಫ್ರೀಜರಿನೊಳಗೆ ಇನ್ನೊಂದು ನಾಬ್ ಇದ್ದು, ಎರಡೂ ಬೇರೆ ಬೇರೆ ಭಾಗದ ತಂಪನ್ನು ನೋಡಿಕೊಳ್ಳುತ್ತವೆ ಎನ್ನಿಸುತ್ತದೆ. ಹಲವು ಮಾಡೆಲ್‌ಗಳಲ್ಲಿ ತಂಪು ತಯಾರಾಗುವುದು ಮೇಲೊಂದೇ ಕಡೆ, ಒಂದು ನಾಬ್ ಅದನ್ನು ಮೇಲಕ್ಕೂ ಕೆಳಕ್ಕೂ ಹಂಚುವ ಕದವನ್ನಷ್ಟೇ ಸರಿಸುತ್ತದೆ. ಕೈಲ್‌ಪೊಳ್ದ್ ಹಬ್ಬಕ್ಕೆ ತಂದ ಹಂದಿಮಾಂಸ ಗಟ್ಟಿಯಾಗಲಿ ಎಂದು ಫ್ರೀಜರ್ ನಾಬನ್ನು ಪೂರ್ತಿ ತಿರುಗಿಸಿದರೆ, ಗಾಳಿಯೆಲ್ಲ ಮೇಲೇ ನಿಂತು ಕೆಳಗಿನ ಹಾಲು ಒಡೆಯುತ್ತದೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ತಟ್ಟೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 4 ಡಿಗ್ರಿ ಸುತ್ತಮುತ್ತ ಇದ್ದರೆ ನಾಬ್ ಸರಿಯಿದೆ.

ಮಿಕ್ಸಿಯದು ಸಣ್ಣ ವಿಷಯ, ಆದರೆ ರಿಪೇರಿ ಅಂಗಡಿಗೆ ಸುಮ್ಮನೆ ಹೋಗುವುದು ಹೆಚ್ಚಾಗಿ ಇದೇ. ಒಣ ಕರಿಮೆಣಸನ್ನು ಜಾರಿನ ತುಂಬ ಹಾಕಿ ಪುಡಿಮಾಡುವಾಗ ಮೋಟಾರಿಗೆ ಹೊರೆಯಾಗಿ ನಿಲ್ಲುತ್ತದೆ. ತಳದಲ್ಲಿ ಒಂದು ಸಣ್ಣ ಕೆಂಪು ಬಟನ್ ಹೊರಗೆ ಬಂದಿರುತ್ತದೆ. ಪ್ಲಗ್ ತೆಗೆದು, ಹತ್ತಿಪ್ಪತ್ತು ನಿಮಿಷ ಆರಲು ಬಿಟ್ಟು, ಅದನ್ನು ಒಳಗೆ ಒತ್ತಿ, ಜಾರಿನಲ್ಲಿ ಅರ್ಧ ಕಡಿಮೆ ಮಾಡಿದರೆ ಮತ್ತೆ ಓಡುತ್ತದೆ. ಆ ಬಟನ್ನನ್ನು ಮಗುಚಿದರೆ ಮಾತ್ರ ಕಾಣುವ ಜಾಗದಲ್ಲಿ ಇಟ್ಟಿದ್ದಾರೆ.

ಕೈ ತಪ್ಪುವುದಕ್ಕೆ ಯಂತ್ರ ಕಾರಣವಾಗಬಹುದು ಎಂಬುದು ಹೊಸ ವಿಚಾರವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ (ಹಿಂಬದಿ ಅಂಚಿನ ಬಾಗುವ ಪಟ್ಟಿ) ಮಡಚುವ ಬದಲು ಚಕ್ರವನ್ನೇ ಮಡಚಿಬಿಡುತ್ತಿದ್ದರು. ಎರಡರ ಸ್ವಿಚ್ಚೂ ಅಕ್ಕಪಕ್ಕ, ಒಂದೇ ಥರ ಇದ್ದುದನ್ನು ಮನಶ್ಶಾಸ್ತ್ರಜ್ಞ ಅಲ್ಫೋನ್ಸ್ ಚಪಾನಿಸ್ ಗಮನಿಸಿದರು. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯಂಥ ಚಪ್ಪಟೆ ಆಕಾರ ಕೊಡುವುದು ಪರಿಹಾರವಾಯಿತು. ಅವರೇ 1959ರಲ್ಲಿ ಲಿಂಡನ್‌ಬಾಮ್ ಎಂಬ ಇನ್ನೊಬ್ಬ ಸಂಶೋಧಕರ ಜೊತೆ ನಾಲ್ಕು ಬರ್ನರ್ ಒಲೆಯ ನಾಬ್‌ಗಳನ್ನು ಪರೀಕ್ಷಿಸಿದರು. ಬರ್ನರ್‌ಗಳನ್ನು ಓರೆಯಾಗಿ ಸರಿಸಿ, ಪ್ರತಿ ನಾಬೂ ತನ್ನ ಬರ್ನರಿನ ನೇರಕ್ಕೆ ಬರುವಂತೆ ಮಾಡಿದ ಜೋಡಣೆಯಲ್ಲಿ ಯಾರೂ ತಪ್ಪಲಿಲ್ಲ. ಚೌಕದಲ್ಲಿ ನಾಲ್ಕು ಬರ್ನರ್, ಮುಂದೆ ಸಾಲಾಗಿ ನಾಲ್ಕು ನಾಬ್ ಇಟ್ಟ ಜೋಡಣೆಗಳಲ್ಲಿ ತಪ್ಪುಗಳಾದವು. ಇಷ್ಟು ವರ್ಷವಾದರೂ ಅಂಗಡಿಯಲ್ಲಿರುವ ನಾಲ್ಕು ಬರ್ನರ್ ಒಲೆಗಳ ಜೋಡಣೆ ಹೆಚ್ಚಾಗಿ ಎರಡನೆಯ ಥರದ್ದೇ.

ಏಕೆ ಹೀಗೆ? ಗಾಜಿನ ಹಿಂದೆ ಒಂದೇ ಬೋರ್ಡ್ ಇಟ್ಟು ಹಲವು ಮಾಡೆಲ್ ಮಾಡಬಹುದು. ಪ್ರತಿ ನಾಬಿಗೂ ಬೇರೆ ಸ್ವಿಚ್, ಬೇರೆ ಅಚ್ಚು ಬೇಕು. ಶೋರೂಮಿನ ಬೆಳಕಿನಲ್ಲಿ ಕಪ್ಪು ಗಾಜು ಚೆಂದ ಕಾಣುತ್ತದೆ, ಹೆಚ್ಚು ಪ್ರೋಗ್ರಾಂ ಇದ್ದರೆ ಹೆಚ್ಚಿನ ಬೆಲೆ ಹೇಳಬಹುದು. ಸ್ಟಾರ್ ಲೇಬಲ್ ವಿದ್ಯುತ್ ಎಷ್ಟು ತಿನ್ನುತ್ತದೆ ಎಂದು ಹೇಳುತ್ತದೆ, ಐಎಸ್‌ಐ ಗುರುತು ಸುರಕ್ಷತೆಗೆ. ವಯಸ್ಸಾದವರು ಕತ್ತಲಲ್ಲಿ ಇದನ್ನು ಬಳಸಬಲ್ಲರೇ ಎಂದು ಅಳೆಯುವ ಗುರುತು ಆ ಡಬ್ಬಿಯ ಮೇಲೆ ಇಲ್ಲ. ಭಾಷೆಯ ಮಟ್ಟಿಗೆ, 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಉತ್ಪನ್ನಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ, ಆದರೆ ಅದು ಕರ್ನಾಟಕದಲ್ಲಿ ತಯಾರಾದ ಸರಕಿಗೆ. ಪುಣೆ, ನೋಯ್ಡಾ, ಚೆನ್ನೈ ಕಡೆಯಿಂದ ಬರುವ ಮೆಷಿನ್ನುಗಳಿಗೆ ಅದು ತಾಗುವುದಿಲ್ಲ. ಇಲ್ಲಿ ಮಾರುವ ಪ್ರತಿ ಯಂತ್ರದ ಮೈಮೇಲೂ ಎರರ್ ಕೋಡ್‌ಗಳ ಪಟ್ಟಿ ಕನ್ನಡದಲ್ಲಿ ಅಂಟಿರಬೇಕು ಎಂಬ ನಿಯಮ ಬೇಕು. ಒಂದು ಸ್ಟಿಕ್ಕರಿನ ಖರ್ಚು ಅಷ್ಟೆ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಇದೆ. ದಿನಾ ಬಳಸುವ ಎರಡು ಪ್ರೋಗ್ರಾಮಿನ ಬಟನ್ ಪಕ್ಕ ನೇಲ್ ಪಾಲಿಶ್‌ನಿಂದ ಉಬ್ಬಿದ ಒಂದೊಂದು ಚುಕ್ಕಿ ಇಡಿ. ಎರಡು ಮೂರು ಪದರ ಹಾಕಿದರೆ ಬೆರಳಿಗೂ ಸಿಗುತ್ತದೆ, ಓದು ಬರಹ ಬೇಕಾಗುವುದಿಲ್ಲ. ಗ್ಯಾಸ್ ಒಲೆಯ ನಾಬಿನ ಗುರುತು ತಿಕ್ಕಿ ತಿಕ್ಕಿ ಅಳಿಸಿದ್ದರೆ ‘ಆಫ್’ ಇರುವ ಕಡೆ ಅದೇ ಚುಕ್ಕಿ ಇಡಿ. ಇನ್ವರ್ಟರಿನ ಹಿಂದಿನ ಸ್ವಿಚ್ ಈಗ ಯಾವ ಕಡೆ ಇದೆ ಎಂದು ಮುಂಭಾಗದಲ್ಲಿ ಬರೆದು ಅಂಟಿಸಿ.

ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಮೆಷಿನ್ ಪ್ಲಗ್‌ಗೆ ಹಾಕಿಸಿ, ಕೈಯನ್ನು ನೀರಿನಲ್ಲಿ ಅದ್ದಿ, ನೀವೇ ಬಟನ್ ಒತ್ತಿ ಪ್ರೋಗ್ರಾಂ ಶುರುಮಾಡಿ. ಒಂದು ನಿಮಿಷ ಬಿಟ್ಟು ಗೋಡೆಯ ಸ್ವಿಚ್ ಆರಿಸಲು ಹೇಳಿ, ಸ್ವಲ್ಪ ಹೊತ್ತು ಕಾದು ಹಾಕಿಸಿ. ನಿಂತ ಕಡೆಯಿಂದಲೇ ಹೊರಟರೆ ತೆಗೆದುಕೊಳ್ಳಬಹುದು. ಕಪ್ಪು ಗಾಜು ಸುಮ್ಮನೆ ಕೂತಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಒದ್ದೆ ಬಟ್ಟೆಯನ್ನು ಮೊದಲಿನಿಂದ ಒಗೆಸಬೇಕಾಗುತ್ತದೆ. ಪಕ್ಕದ ಮಾಡೆಲ್ ತೋರಿಸಲು ಹೇಳಿ.